ಬೇರಿನ ಹೆಸರು ಹೇಳಿಬಿಟ್ಟೆ, ಮಾಮಿ

ಮಂಗಳೂರು, ಆಸ್ಪತ್ರೆಯ ಜಗಲಿ
14 ಮೇ 1958, ಮಧ್ಯಾಹ್ನ

ವಾಮಂಜೂರಿನ ಅಪ್ಪಿ ಮಾಮಿಗೆ, ನಿಮ್ಮ ಅಣ್ಣನ ಮಗ ಪೂವಪ್ಪನ ನಮಸ್ಕಾರ. ಗುಲಾಬಿ, ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳುವಾಗ ಒಂದು ಸಾಲನ್ನೂ ನುಂಗಬೇಡ.

ಮಾಮಿ, ನಿಮ್ಮ ಅತ್ತಿಗೆ, ನನ್ನ ಅಮ್ಮ, ನಿನ್ನೆ ಬೆಳಿಗ್ಗೆಯಿಂದ ಕಣ್ಣು ಬಿಟ್ಟಿಲ್ಲ. ಗಂಜಿಗೆ ನೀರಿಡಲು ಎದ್ದವಳು ಒಲೆಯ ಬುಡದಲ್ಲೇ ಕುಸಿದಳು. ಕೂಗಿದರೆ ರೆಪ್ಪೆ ಅದುರುತ್ತದೆ, ಅಷ್ಟೇ. ಕೈಕಾಲು ತಣ್ಣಗೆ. ನಾಡಿ ನಿಮಿಷಕ್ಕೆ ನಲವತ್ತೆರಡು. ಹಂಚಿನ ಕಾರ್ಖಾನೆಯ ಗೇಟಿನಲ್ಲಿ ಲಾಠಿಗೆ ಎದೆ ಕೊಟ್ಟು ನಿಂತವನು ನಾನು. ಇಂದು ಈ ಬೆಂಚು ಬಿಟ್ಟು ಏಳಲಾರದೆ ಕೂತಿದ್ದೇನೆ.

ನಿನ್ನೆ ಡಾಕ್ಟರು ಕೇಳಿದರು, "ಮನೆಯಲ್ಲಿ ಬೇರೆ ಎಂತಾದರೂ ಕೊಡ್ತಿದ್ದೀರಾ? ಕಷಾಯ, ಪುಡಿ?"

"ಎಂತದೂ ಇಲ್ಲ ಡಾಕ್ಟ್ರೇ," ಎಂದೆ.

ಸುಳ್ಳು. ಅಮ್ಮ ದಿನವೂ ತಿನ್ನುವ ನಿಮ್ಮ ಪುಡಿಯ ಪೊಟ್ಟಣ ಆಗಲೂ ನನ್ನ ಅಂಗಿಯ ಜೇಬಿನಲ್ಲಿತ್ತು. ಅದರಲ್ಲಿ ಏನಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರು ನೀವೊಬ್ಬರೇ.

ಎರಡು ವರ್ಷದ ಹಿಂದೆ ಮುಷ್ಕರ ಮುರಿದುಬಿದ್ದ ಮೇಲೆ, ಕೆಲಸ ಕಳೆದುಕೊಂಡು, ಮೂರು ತಿಂಗಳು ನಿಮ್ಮ ಮನೆಯಲ್ಲಿ ಅಡಗಿದ್ದೆ. ಆ ಪುಡಿಯ ಗಿಡವನ್ನು ಗುಡ್ಡದಲ್ಲಿ ಆಗ ತೋರಿಸಿದಿರಿ. ಸುತ್ತಲ ಹುಲ್ಲೆಲ್ಲ ಬಿಸಿಲಿಗೆ ಸುಟ್ಟು ಹೋದರೂ ಪೊದೆಯ ನೆರಳಿನಲ್ಲಿ ಹಸುರಾಗಿಯೇ ನಿಂತಿತ್ತು. ಗಣ್ಣಿಗೆ ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂ, ಹಾವಿನಂತೆ ತಿರುಚಿದ ಕಹಿ ಬೇರು. ಹಾವು ಕಚ್ಚಿದವರಿಗೆ ಅರೆದು ಹಚ್ಚುತ್ತಿದ್ದಿರಿ. ಅವರು ಉಳಿದದ್ದು ಬೇರಿನಿಂದಲೋ, ಹಾವಿಗೆ ವಿಷವಿಲ್ಲದೆಯೋ, ನನಗೆ ತಿಳಿಯದು. ಆದರೆ ಬಾಣಂತಿ ಸನ್ನಿ ಹಿಡಿದು ಸೀರೆ ಹರಿದುಕೊಳ್ಳುತ್ತಿದ್ದ ನೆರೆಮನೆಯ ಫ್ಲಾವಿಯಾ ನಿಮ್ಮ ಚಿಟಿಕೆ ಪುಡಿಯಿಂದ ನಿದ್ದೆ ಕಂಡಳು, ಹನ್ನೊಂದನೇ ದಿನ ಮಗುವನ್ನು ಎತ್ತಿಕೊಂಡಳು. ಅದನ್ನು ಕಣ್ಣಾರೆ ಕಂಡಿದ್ದೇನೆ.

ಅಗೆಯುವ ಮೊದಲು ನನ್ನ ಅಂಗೈಗೆ ಆ ಬುಡದ ಮಣ್ಣು ಹಾಕಿ ಆಣೆ ಮಾಡಿಸಿದಿರಿ. "ಹೆಸರು ಬಾಯಿಗೆ ಬಂದರೆ ಬೇರು ಸತ್ತ ಹಾಗೆ ಮಗಾ. ತಿನ್ನುವವರೂ ಉಳಿಯುವುದಿಲ್ಲ."

"ಇದೆಂತ ಮಾಮಿ, ಕಾರ್ಖಾನೆ ಧಣಿಯ ಹಾಗೆ ಮಾತಾಡ್ತೀರಿ? ಗುಟ್ಟೆಲ್ಲ ಅವನ ಜೇಬಿನಲ್ಲಿ!"

"ಧಣಿ ನಿನಗೆ ಗಂಜಿ ಹಾಕ್ತಿದ್ದನಾ? ಸುಮ್ಮನೆ ಅಗೆ ಮಾರಾಯ."

ನಗುತ್ತಲೇ ಆಣೆ ಮಾಡಿದ್ದೆ. ಆ ನಗುವಿನ ಅಡಿಯಲ್ಲಿ ಹೆದರಿಕೆ ಬೇರು ಬಿಟ್ಟದ್ದು ತಿಳಿಯಲೇ ಇಲ್ಲ. ದೇವರಿಲ್ಲ, ದೈವವಿಲ್ಲ ಎಂದು ಭಾಷಣ ಬಿಗಿಯುವ ಈ ಪೂವಪ್ಪ ನಿನ್ನೆ ಸಂಜೆ ಮಾಡಿದ್ದೇನು ಗೊತ್ತೇ? ಮನೆಯ ಮದ್ದು ತಪ್ಪಬಾರದೆಂದು, ದಾದಿಯ ಕಣ್ಣು ತಪ್ಪಿಸಿ, ನಿಮ್ಮ ಪುಡಿಯನ್ನು ಜೇನಿನಲ್ಲಿ ಕಲಸಿ ಅಮ್ಮನ ನಾಲಿಗೆಗೆ ಹಚ್ಚಿದೆ. ನನ್ನ ಈ ಬೆರಳಿನಿಂದಲೇ.

ಇಂದು ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತ್ತು. ಓಡಿಹೋಗಿ ಡಾಕ್ಟರ ಮೇಜಿನ ಮೇಲೆ ಪೊಟ್ಟಣ ಇಟ್ಟೆ. "ಗರುಡಪಾತಾಳ," ಎಂದೆ.

"ಸರ್ಪಗಂಧವಾ?" ಅವರು ಎದ್ದು ನಿಂತರು. ಮಾರ್ಚ್ ತಿಂಗಳಿನಿಂದ ಅಮ್ಮ ರಕ್ತದೊತ್ತಡಕ್ಕೆಂದು ನುಂಗುತ್ತಿದ್ದ ಬಿಳಿ ಗುಳಿಗೆಯ ಶೀಶೆಯನ್ನು ನನ್ನೆದುರು ಕುಕ್ಕಿದರು. "ಇದನ್ನು ಮಾಡುವುದೂ ಅದೇ ಬೇರಿನಿಂದ ಮಾರಾಯ! ಒಂದೇ ಮದ್ದು ಎರಡು ಕಡೆಯಿಂದ ತಿಂದಿದ್ದಾರೆ. ನಿನ್ನೆಯೇ ಬಾಯಿ ಬಿಡಲಿಕ್ಕೆ ಎಂತ ರೋಗ ನಿನಗೆ?"

ನಾಳೆ ಬೆಳಗಿನೊಳಗೆ ತಿಳಿಯುತ್ತದಂತೆ, ಉಳಿಯುತ್ತಾಳೋ ಇಲ್ಲವೋ ಎಂದು.

ನೀವು ಗುಟ್ಟು ಮಾಡಿದ್ದು ಯಾಕೆಂದು ನನಗೆ ಗೊತ್ತು. ಹೆಸರು ತಿಳಿದರೆ ಪೇಟೆಯ ಗುತ್ತಿಗೆದಾರ ಇಡೀ ಗುಡ್ಡವನ್ನು ಗೋಣಿಗೆ ತುಂಬಿ ಹಡಗು ಹತ್ತಿಸುತ್ತಾನೆ. ಅವನೊಂದಿಗೆ ಜಗಳ ನಾವು ಆಡೋಣ, ಗುಡ್ಡಕ್ಕೆ ಅಡ್ಡ ಮಲಗೋಣ. ಆದರೆ ಗುಡ್ಡ ಕಾಯಲು ಹೆಂಗಸರನ್ನು ಬಲಿ ಕೊಡಲಾಗದು ಮಾಮಿ.

ನನ್ನ ನಿಜವಾದ ಹೆದರಿಕೆ ಹೇಳುತ್ತೇನೆ. ಅಮ್ಮ ಹೋದರೆ, ಹೆಸರು ಹೇಳಿದ್ದಕ್ಕೇ ಹೋದಳು ಎನ್ನುತ್ತೀರಿ ನೀವು. ನಾನದನ್ನು ನಂಬಿಬಿಡುತ್ತೇನೆ.

ಇನ್ನೊಂದು ಮಾತು. ನಿಮ್ಮಿಂದ ಪುಡಿ ಒಯ್ಯುವ ಉಳ್ಳಾಲದ ಖತೀಜಮ್ಮ ಕಳೆದ ವಾರ ಇದೇ ಆಸ್ಪತ್ರೆಯಲ್ಲಿ ಸಿಕ್ಕಿದ್ದರು. ಅವರ ಕೈಯಲ್ಲೂ ಅದೇ ಬಿಳಿ ಗುಳಿಗೆ. ಪುಡಿ ನಿಲ್ಲಿಸಿ ಎನ್ನಲು ಬೆಳಿಗ್ಗೆಯೇ ನಮ್ಮ ಸಂಘದ ಬೋಜನನ್ನು ಅವರ ಮನೆಗೆ ಅಟ್ಟಿದೆ. ಎರಡು ದಿನದಿಂದ ತಲೆ ಎತ್ತಲಾಗದೆ ಚಾಪೆಯಲ್ಲೇ ಇದ್ದಾರಂತೆ. ಆದರೂ "ಅಪ್ಪಿಯಕ್ಕ ಬಂದು ಹೇಳಲಿ, ಬಿಡ್ತೇನೆ. ಮುಷ್ಕರದವರ ಮಾತು ಕೇಳಿ ಯಾರ ಹೊಟ್ಟೆ ತುಂಬಿದೆ?" ಎಂದು ಅವನನ್ನು ಬೈದು ಕಳಿಸಿದರಂತೆ.

ಈ ಪತ್ರ ತಂದವನು ಅದೇ ಬೋಜ. ಅವನ ಸೈಕಲ್ಲಿನ ಹಿಂದೆ ಕೂತು ಈಗಲೇ ಹೊರಡಿ. ನೇತ್ರಾವತಿಯನ್ನು ದೋಣಿಯಲ್ಲಿ ದಾಟಿಸುತ್ತಾನೆ. ಖತೀಜಮ್ಮನ ಎದುರು ಕೂತು, ಬೇರಿನ ಹೆಸರನ್ನು ನಿಮ್ಮ ಬಾಯಿಂದಲೇ, ಗಟ್ಟಿಯಾಗಿ ಹೇಳಿ. ಹೆಸರು ಕೇಳಿಯೂ ಒಬ್ಬ ಹೆಂಗಸು ಬದುಕಿದ್ದನ್ನು ನನಗೆ ತೋರಿಸಿ. ಅಲ್ಲಿಯವರೆಗೆ ಒಳಗೆ ಹೋಗಿ ಅಮ್ಮನ ಕೈ ಹಿಡಿಯುವ ಧೈರ್ಯ ನನಗಿಲ್ಲ.

ಶಪಿಸುವುದಿದ್ದರೆ ನನ್ನೊಬ್ಬನನ್ನು ಶಪಿಸಿ. ಆ ಇಬ್ಬರನ್ನು ಹರಸಿ.

ನಿಮ್ಮ ಆಣೆ ಮುರಿದ,
ಪೂವಪ್ಪ