ಬಾಲದ ಕೆಳಗಿನ ಸ್ಟ್ಯಾಂಡ್

ಜುಲೈ 26, ಶನಿವಾರ

ವಾಕಿಂಗ್, ಬಿಪಿ ಮಾತ್ರೆ, ಉಪ್ಪಿಲ್ಲದ ಉಪ್ಪಿಟ್ಟು. ಹನ್ನೊಂದಕ್ಕೆ ವಿಮಾನ ಕಂಪನಿಯೊಂದರ ಶೇರ್ ಏಜೆಂಟ್ ಗಿರಿರಾಜ್ ಕಾರಿನಲ್ಲಿ ಅವರ ಹ್ಯಾಂಗರಿಗೆ ಕರೆದೊಯ್ದ. ಹತ್ತೊಂಬತ್ತು ಸೀಟಿನ ಹೊಸ ವಿಮಾನ. ಸಣ್ಣ ಊರುಗಳಿಗೆಲ್ಲ ಹಾರುತ್ತದಂತೆ, ಆರ್ಡರ್ ಸಾಲುಗಟ್ಟಿವೆಯಂತೆ. ಮೂವತ್ತನಾಲ್ಕು ವರ್ಷ ವಿಮಾನ ಇನ್‌ಸ್ಪೆಕ್ಟರ್ ಆಗಿದ್ದವನು ನಾನು — ರಿವೆಟ್‌ಗಳ ಮೇಲೆ ಬೆರಳಾಡಿಸಿದೆ. ಅಚ್ಚುಕಟ್ಟು. ಕಂಪನಿಯವರು ಶಾಲು ಹೊದಿಸಿದರು, ಫೋಟೋ ತೆಗೆದರು. ಹಿಗ್ಗಿದೆ, ಸುಳ್ಳೇಕೆ.

ಸಂಜೆ ಗೋವಿಂದರಾಜನಗರದಿಂದ ಗುರವ್ವಕ್ಕನ ಫೋನ್. ಗಿರಿರಾಜ್ ಅವಳನ್ನೂ ಕಂಡಿದ್ದಾನೆ; ಕೆಂಗೇರಿ ಉಪನಗರದ ಸೈಟು ಮಾರಿ ಇದೇ ಕಂಪನಿಯ ಶೇರಿಗೆ ಹಾಕುತ್ತಾಳಂತೆ. ಭಾವ ಬಿಟ್ಟುಹೋದದ್ದು ಅದೊಂದೇ.

"ನೀನೇ ಕಣ್ಣಾರೆ ನೋಡಿದೀಯಲ್ಲ ದೇವೇಂದ್ರಾ, ಇನ್ನೇನು?"

"ಕೆಲಸ ಚೆನ್ನಾಗಿದೆ ಅಕ್ಕ," ಎಂದೆ.

ಜುಲೈ 30, ಬೆಳಿಗ್ಗೆ 6

ಹಲ್ಲುಜ್ಜುವಾಗ ಹೊಳೆಯಿತು. ಬಾಲದ ಕೆಳಗೊಂದು ಸ್ಟ್ಯಾಂಡ್ ಇತ್ತು. ಪೇಂಟಿಂಗಿಗೆ ಇರಬೇಕು ಅಂದುಕೊಂಡಿದ್ದೆ. ರೆಕ್ಕೆಯಲ್ಲಿ ಎಂಜಿನ್ ಇಲ್ಲದಿದ್ದರೆ ವಿಮಾನ ಹಿಂದಕ್ಕೆ ವಾಲಿ ಬಾಲ ನೆಲಕ್ಕೆ ಕೂರುತ್ತದೆ — ಅದಕ್ಕೇ ಆ ಆಸರೆ. ಎಂಜಿನ್ ಕವರ್ ತೆಗೆಸಿ ಒಳಗೆ ನೋಡಲಿಲ್ಲ. ನೋಡದ್ದಕ್ಕೆ ಸ್ಟಾಂಪ್ ಒತ್ತಿದವನಲ್ಲ ನಾನು. ಈ ಸಲ ಶಾಲು ಹೊದ್ದುಕೊಂಡು ಒತ್ತಿದೆ.

ಆಗಸ್ಟ್ 2

ಗಿರಿರಾಜ್‌ನನ್ನು ಕೇಳಿದೆ. "ಎಂಜಿನ್ ಫಾರಿನ್ನಿಂದ ಬರ್ತಾ ಇದೆ ಸಾರ್. ಹಾರೋಕೆ ಪರ್ಮಿಷನ್ನೂ ಬರುತ್ತೆ. ನೀವ್ಯಾಕೆ ತಲೆ ಕೆಡಿಸ್ಕೋತೀರಾ?" ಧ್ವನಿ ಬಹಳ ಮೃದು. ಹೆದರಿಕೆಯಾಯಿತು.

ಅಕ್ಕನಿಗೆ ಹೇಳಬೇಕು. ಸೈಟಿನ ರಿಜಿಸ್ಟ್ರೇಷನ್ ಗಣೇಶನ ಹಬ್ಬ ಕಳೆದ ಮೇಲೆ. ಟೈಮಿದೆ. ಆದರೆ ಏನಂತ ಹೇಳಲಿ... ಕಂಡೂ ಕೇಳಲಿಲ್ಲ ಅಂತಲೇ?

ಆಗಸ್ಟ್ 6

ಇವತ್ತೂ ಹೇಳಲಿಲ್ಲ.

ಆಗಸ್ಟ್ 11, ಸೋಮವಾರ, ಮಧ್ಯಾಹ್ನ 3

ಬೆಳಿಗ್ಗೆ ವಾಕಿಂಗಿನಲ್ಲಿ ಪಕ್ಕದ ರಸ್ತೆಯ ಬಸವಲಿಂಗಪ್ಪ ಮೊಬೈಲ್ ತೋರಿಸಿದರು. ಕಂಪನಿಯ ಜಾಹೀರಾತು. ವಿಮಾನದ ಮುಂದೆ ಶಾಲು ಹೊದ್ದ ನಾನು. ಕೆಳಗೆ — 'ಹಿರಿಯ ಇನ್‌ಸ್ಪೆಕ್ಟರ್ ಮೆಚ್ಚಿದ ವಿಮಾನ'. ಸ್ಟ್ಯಾಂಡ್ ಇದ್ದ ಕಡೆ ಫೋಟೋ ಕತ್ತರಿಸಿದ್ದಾರೆ. ಅಂದರೆ ಬೇಕೆಂದೇ ಮುಚ್ಚಿಟ್ಟಿದ್ದಾರೆ.

"ನಿಮ್ ಮುಖ ನೋಡೇ ನಾವೂ ದುಡ್ಡು ಹಾಕಿದ್ವಿ ಸಾರ್," ಅಂದರು.

ಮಧ್ಯಾಹ್ನದವರೆಗೆ ಧೈರ್ಯ ಕೂಡಿಸಿ ಅಕ್ಕನಿಗೆ ಫೋನ್ ಮಾಡಿದೆ. ಬಾಯಿ ತೆರೆಯುವ ಮೊದಲೇ ಅವಳು —

"ನೂರು ವರ್ಷ ಕಣೋ ನಿಂಗೆ. ಶ್ರಾವಣ ಸೋಮವಾರ ಒಳ್ಳೇದು ಅಂತ ಇವತ್ತೇ ರಿಜಿಸ್ಟ್ರೇಷನ್ ಮುಗಿಸ್ದೆ. ಬ್ಯಾಂಕಿಂದ ಕಂಪನಿಗೆ ದುಡ್ಡೂ ಕಳಿಸ್ಬಿಟ್ಟೆ. ಗಿರಿರಾಜ್ ಜೊತೇಲೇ ಇದ್ದ, ಪಾಪ. ಹೋಳಿಗೆ ತರ್ತಾ ಇದೀನಿ, ಆಟೋ ಹತ್ತಿದೀನಿ."

ಗೇಟಿನ ಸದ್ದು. ಶಾಲು ಇನ್ನೂ ಕುರ್ಚಿಯ ಮೇಲೇ ಇದೆ. ಹೇಳಬೇಕಾದದ್ದನ್ನು ಬರೆದುಕೊಂಡರೆ ನಾಲಿಗೆ ತೊದಲದು. ಅಕ್ಕ, ನಾನು ನೋಡಿದ ವಿಮಾನದಲ್ಲಿ ಎಂಜಿನ್ನೇ —