ಕರಿ ಬಾಟಲಿಯ ಬದಲು

ಗಜೇಂದ್ರಗಡ, ಸೋಮವಾರ

ಮಗಳು ಕವಿತಾಗೆ ಅಪ್ಪನ ಆಶೀರ್ವಾದ.

ಎರಡು ವರ್ಷ, ಇಪ್ಪತ್ತನಾಲ್ಕು ಬಾಟಲಿ ಸೋಯಾ ಸಾಸು, ಕಡೆಗೆ ನಿಮ್ಮವ್ವ. ನನ್ನ ಜಾಣತನಕ್ಕೆ ತಗುಲಿದ ಖರ್ಚು ಇಷ್ಟು.

ಅವಳಿಗೆ ಬಿ.ಪಿ. ಇದೆ, ಉಪ್ಪು ಬಿಡಿಸಿರೆಂದು ಡಾಕ್ಟರು ಹೇಳಿದ ದಿನವೇ ಉಪ್ಪಿನ ಭರಣಿಯನ್ನು ಅಟ್ಟಕ್ಕೇರಿಸಿದೆ. ಸಪ್ಪೆ ಪಲ್ಯ ಅವಳ ಗಂಟಲಿಗಿಳಿಯಲಿಲ್ಲ. ನಮ್ಮ ಗೋಬಿ ಬಂಡಿಯ ಸಾಸು ಸುರಿದೆ.

"ಇದ್ರಾಗ ಉಪ್ಪಿಲ್ಲೇನ್ರಿ?" ಎಂದಳು.

"ಉಪ್ಪು ಬೆಳ್ಳಗಿರತೈತಿ, ಇದು ಕರ್ರಗೈತಿ. ಸುಮ್ನ ಉಣ್ಣು," ಎಂದೆ.

ಇಪ್ಪತ್ತು ವರ್ಷ ಬಂಡಿ ನಡೆಸಿದವನ ಮಾತೆಂದು ನಂಬಿದಳು. ಅವಳು ಕುಸಿದು ಬಿದ್ದು ತೀರಿಕೊಂಡ ದಿನ ಡಾಕ್ಟರು, "ಸಾಸ್ ಅಂದ್ರ ಉಪ್ಪಿನ ನೀರ್ರಿ, ಯಾರು ಹಾಕಿದ್ರು?" ಎಂದರು. ಇದನ್ನು ನಿನಗೆ ಹೇಳಿರಲಿಲ್ಲ.

ಈಗ ನಿನಗೆ ಏಳು ತಿಂಗಳು, ನಿನಗೂ ಬಿ.ಪಿ. ಬಸುರಿಯ ಬಯಕೆ ತೀರಿಸದಿದ್ದರೆ ತವರಿಗೆ ದೋಷ, ನರಗುಂದದ ಬಸ್ಸಿಗೆ ಸಾಸು ಕೊಟ್ಟು ಕಳಿಸಿರೆಂದು ನಿಮ್ಮತ್ತೆ ಫೋನ್ ಮಾಡಿದ್ದರು. ದೋಷ ನನಗಿರಲಿ, ಸಾಸು ಕಳಿಸುವುದಿಲ್ಲ.

ಬದಲಿಗೆ ನಾನೇ ಕುದಿಸಿದ ಈ ಬಾಟಲಿ ಕಳಿಸಿದ್ದೇನೆ. ಮುಗಿದರೆ ಸುಟ್ಟ ಬೆಳ್ಳುಳ್ಳಿ ಅರೆದು, ಹುಣಸೆ ರಸ, ಚೂರು ಬೆಲ್ಲ, ಕರಿಮೆಣಸು ಹಾಕಿ ಕಪ್ಪಾಗುವವರೆಗೆ ಕುದಿಸು. ಉಪ್ಪು ಮುಟ್ಟಬೇಡ. ಎಂಟು ಸಲ ಮಾಡಿ ನೋಡಿದೆ. ರುಚಿ ಹತ್ತಾಣೆ ಬಂದಿದೆ, ಉಳಿದ ಆರಾಣೆ ಬಿಟ್ಟುಬಿಡು.

ನಿಮ್ಮವ್ವನಿಗೆ ಎರಡು ವರ್ಷ ರುಚಿ ಸಿಕ್ಕಿತು. ನನಗೆ ಬುದ್ಧಿ ಸಿಕ್ಕಿತು. ನಿನಗೆ ಈ ಬಾಟಲಿ.

ನಿಮ್ಮಪ್ಪ
ದುರಗಪ್ಪ