ಮೂರನೆಯ ವಾಚು

ತಾರೀಖು 14, ಮಂಗಳವಾರ
ನನ್ನ ಬಾಡಿಗೆ ಕೋಣೆಯಿಂದ

ಪ್ರೀತಿಯ ಮಿಡತೆಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಅಂದರೆ ಊಟಕ್ಕೇನೂ ತೊಂದರೆಯಿಲ್ಲ. ನೀನು ಬರೆದದ್ದು ಒಂದೇ ಸಾಲು: "ಅಕ್ಕಾ, ನಾನು ನಿಜವಾಗ್ಲೂ ಅಷ್ಟು ನಿಧಾನಾನಾ?" ಆ ಒಂದು ಸಾಲಿಗೆ ಉತ್ತರ ಬರೆಯಲು ಐದು ವಾರ ತೆಗೆದುಕೊಂಡೆ. ಕೆಲಸ ಜಾಸ್ತಿ ಇತ್ತು ಎನ್ನಬಹುದು, ಆದರೆ ಅದು ಸುಳ್ಳು. ಮೂರು ಸಲ ಫೋನ್ ಕೈಗೆತ್ತಿಕೊಂಡೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಮಾತು ಮರೆಸುತ್ತೇನೆ. ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ನಮ್ಮ ಕ್ರೀಡಾ ಅಕಾಡೆಮಿಯ ಆಯ್ಕೆಯಲ್ಲಿ ಸೀಟು ಸಿಗಲಿಲ್ಲ ಅಂತ ನೀನು ಓಡುವುದನ್ನೇ ಬಿಟ್ಟೆಯಂತೆ, ಬೂಟುಗಳನ್ನು ಪಕ್ಕದ ಮನೆ ಹುಡುಗಿಗೆ ಕೊಟ್ಟುಬಿಟ್ಟೆಯಂತೆ. ಅಮ್ಮ ಹೇಳಿದಳು. "ಅವಳಿಗೂ ಬುದ್ಧಿ ಬಂತು ಬಿಡು. ನಿನ್ನ ಹಾಗೆ ಓದಿ, ಆಫೀಸು ಸೇರ್ಕೊಳ್ಳಲಿ," ಅಂದಳು. ನನ್ನ ಹಾಗೆ ಆಗುವ ಮೊದಲು ನನ್ನ ಆಫೀಸು ಎಂಥದ್ದು ಅಂತ ನಿನಗೆ ಗೊತ್ತಿರಬೇಕು.

ಕಾಲೇಜು ಮುಗಿದಾಗ ನನಗಿದ್ದ ಹುಚ್ಚು ನೀನು ನೋಡಿದ್ದೀಯ. ಕ್ರೀಡಾ ನಿರ್ವಹಣೆಯಲ್ಲಿ ಪದವಿ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಎಂಟು ತಿಂಗಳು ಅರ್ಜಿ ಹಾಕಿದೆ. ಮೊದಲ ಕೆಲಸಕ್ಕೇ ಎರಡು ವರ್ಷದ ಅನುಭವ ಕೇಳುತ್ತಾರೆ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಒಂದು ತಂಡದವರು ಆರು ವಾರ ಪ್ರೇಕ್ಷಕರ ಕುರ್ಚಿಗಳನ್ನು ಒರೆಸಿಸಿ, ಸೀಟಿನ ಅಡಿ ಅಂಟಿಸಿದ್ದ ಚೂಯಿಂಗ್ ಗಮ್ಮನ್ನು ಕೆರೆಸಿ, ಕೊನೆಗೆ ತಂಡದ ಟೋಪಿ ಕೊಟ್ಟು ಕಳಿಸಿದರು. ಇನ್ನೊಂದು ಕಡೆ ಕೋಟು ಹಾಕಿದವನೊಬ್ಬ ಕೇಳಿದ, "ಕ್ರೀಡೆ ಅಂದ್ರೆ ನಿಮಗೆ ಪ್ರಾಣ ತಾನೆ?" ಹೌದು ಸರ್ ಅಂದೆ. "ಮತ್ತೆ ಸಂಬಳ ಎಷ್ಟು ಅಂತ ಯಾಕೆ ಕೇಳ್ತೀರಿ?" ಅಂದ.

ಹಾಗಾಗಿ ಅಕಾಡೆಮಿಯಲ್ಲಿ ಕೆಲಸ ಸಿಕ್ಕಾಗ, ಆರು ತಿಂಗಳ ತಾತ್ಕಾಲಿಕ ಕೆಲಸವಾದರೂ, ನಾನು ಕುಣಿದಾಡಿದೆ. ದೂರದ ಬೆಟ್ಟ ನುಣ್ಣಗೆ. ಬಾಗಿಲಲ್ಲಿ ಗಾಜಿನ ಕಪಾಟಿನ ತುಂಬ ಗೆದ್ದ ಕಪ್ಪುಗಳು, ಒಳಗೆ ಹೋದರೆ ಒಣಗದ ಕಾಲುಚೀಲ, ನೋವಿನ ಮುಲಾಮು, ಅದರ ಮೇಲೆ ಹೊಡೆದ ಗುಲಾಬಿ ಸೆಂಟು. ಮೊದಲ ವಾರ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ವಾಸನೆ ಅಭ್ಯಾಸವಾಯಿತು. ಅಭ್ಯಾಸವಾಗುತ್ತೆ ಅನ್ನುವುದೇ ಅಸಹ್ಯ.

ನಮ್ಮ ಮ್ಯಾನೇಜರನಿಗೆ ಬಹುವಚನ ಕೊಡಲು ನನ್ನ ಪೆನ್ನು ಒಪ್ಪುತ್ತಿಲ್ಲ. ಅಪ್ಪ ಅಮ್ಮಂದಿರು ಬಂದು ಮಕ್ಕಳ ವಿಚಾರ ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸುತ್ತಾನೆ. ಹೆಬ್ಬೆರಳು ನಾಲಿಗೆಗೆ ಒತ್ತಿ ಒತ್ತಿ ಅವರ ಅರ್ಜಿಗಳನ್ನು ತಿರುವುತ್ತಾನೆ. ಆ ಅರ್ಜಿಗಳನ್ನು ಫೈಲಿಗೆ ಹಾಕುವವಳು ನಾನು. ಪ್ರತಿ ಮಗುವಿನ ಫೋಟೋ ಪಕ್ಕದಲ್ಲಿ ಅವನ ಎಂಜಲಿನ ಗುರುತಿರುತ್ತದೆ.

ಓಟದ ಆಯ್ಕೆ ನಡೆಯುವ ದಿನ ನಮ್ಮ ಕೈಗೆ ವಾಚು ಕೊಡುತ್ತಾರೆ. ಒಂದೊಂದು ಲೇನಿಗೆ ಮೂವರು, ಮೂರು ವಾಚು. ಮೂವರೂ ತಮಗೆ ಕಂಡ ಸಮಯ ಚೀಟಿಯಲ್ಲಿ ಬರೆಯಬೇಕು. ತೀರ ಕಡಿಮೆಯದನ್ನೂ ತೀರ ಹೆಚ್ಚಿನದನ್ನೂ ಬಿಟ್ಟು, ನಡುವಿನದನ್ನು ಹಿಡಿಯುತ್ತಾರೆ. ಒಬ್ಬರ ಬೆರಳು ತಪ್ಪಿದರೂ ಮಗುವಿಗೆ ಅನ್ಯಾಯವಾಗದಿರಲಿ ಅಂತ ಈ ಏರ್ಪಾಡು. ಎಷ್ಟು ಚೆನ್ನಾಗಿದೆ ಅಲ್ಲವಾ? ನಮ್ಮ ಲೇನಿಗೆ ಮ್ಯಾನೇಜರ್, ನಾನು, ಮತ್ತೆ ಎಲ್ಲರೂ ವಾಚ್ ತಾತ ಅನ್ನುವ ಹಳೆಯ ಟೈಮ್‌ಕೀಪರ್.

ಮೊದಲ ಸಲ ನಾನು ಕಂಡದ್ದನ್ನೇ ಬರೆದೆ. ಮ್ಯಾನೇಜರ್ ನನ್ನ ಚೀಟಿ ಹರಿದು, ನಗುನಗುತ್ತಲೇ ಹೇಳಿದ, "ಹೊಸಬರು ಕೊನೇಲಿ ಬರೀಬೇಕಮ್ಮ. ಮೊದಲು ನಂದು ನೋಡಿ, ಆಮೇಲೆ ನಿಮ್ಮದು ಬರೀರಿ. ಖಾಯಂ ಆಗೋದು ಬೇಡ್ವಾ?" ತಾತ ತಮ್ಮ ವಾಚನ್ನು ಅಂಗಿಯ ತುದಿಯಿಂದ ಒರೆಸುತ್ತ, "ನಂದು ನೋಡಬೇಡ, ಅವನದೂ ನೋಡಬೇಡ. ನಿನ್ನ ಕೈಲಿ ಒಂದಿದೆಯಲ್ಲ," ಅಂದರು. ನಾನು ಮ್ಯಾನೇಜರನದನ್ನೇ ನೋಡಿದೆ. ಎರಡು ತಿಂಗಳಲ್ಲಿ ಅವನು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಕೋಲೆಬಸವ ಅಂತ ಚಿಕ್ಕಂದಿನಲ್ಲಿ ಯಾರನ್ನೋ ಆಡಿಕೊಂಡು ನಗುತ್ತಿದ್ದೆವಲ್ಲ, ಈಗ ಆ ಹೆಸರು ನಿನ್ನ ಅಕ್ಕನಿಗೆ ಒಪ್ಪುತ್ತದೆ.

ಕಳೆದ ತಿಂಗಳು ನಾನು ಖಾಯಂ ಆದೆ. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅದೇ ವಾರ ತಾತನಿಗೆ "ನಿಮಗೆ ವಯಸ್ಸಾಯ್ತು, ಕಣ್ಣು ಮಂಜು, ಇನ್ನು ಆರಾಮಾಗಿರಿ" ಅಂತ ಹೇಳಿ ಕಳಿಸಿದರು. ಅವರ ಕಣ್ಣಿಗೆ ಏನೂ ಆಗಿಲ್ಲ. ಮೈದಾನದ ಆ ತುದಿಯಲ್ಲಿ ಯಾರ ಬೂಟಿನ ಲೇಸು ಬಿಚ್ಚಿದೆ ಅಂತ ಈಗಲೂ ಹೇಳುತ್ತಾರೆ. ಗೇಟಿನವರೆಗೆ ಅವರ ಚೀಲ ಹಿಡಿದುಕೊಂಡು ಹೋದೆ. ಬೈಯಲಿ ಅಂತ ಕಾದೆ. ಅವರು ಚೀಲ ತೆಗೆದುಕೊಂಡು, "ಒಂದ್ಸಲನಾದ್ರೂ ಕಂಡದ್ದನ್ನ ಬರಿ ತಾಯಿ," ಅಂತಷ್ಟೇ ಹೇಳಿ ಬಸ್ಸು ಹತ್ತಿದರು. ಮನೆಗೆ ಬಂದು ಕೈಯನ್ನು ಸೋಪು ಹಾಕಿ ಎಷ್ಟು ಸಲ ತೊಳೆದೆನೋ ಗೊತ್ತಿಲ್ಲ. ನನಗೆ ನನ್ನ ಮೇಲೇ ಹೇಸಿಗೆ, ಮಿಡತೆ. ಮ್ಯಾನೇಜರನ ಹೆಬ್ಬೆರಳಿಗಿಂತ ಹೆಚ್ಚು.

ನೀನು ಪಕ್ಕದ ಮನೆಗೆ ಹೋಗಿ ಬೂಟು ವಾಪಸ್ ಕೇಳು. ಕೊಟ್ಟದ್ದನ್ನು ಕೇಳಲು ನಾಚಿಕೆಯಾದರೆ ಅಕ್ಕ ಕೇಳಿದಳು ಅನ್ನು. ಹೇಗೂ ಆ ಹುಡುಗಿಯ ಪಾದಕ್ಕೆ ಅವು ಸಡಿಲ. ಬೆಳಿಗ್ಗೆ ಹಾಲು ಕುಡಿದೇ ಓಡಲು ಹೋಗು, ಬಲ ಮಂಡಿಗೆ ಪಟ್ಟಿ ಕಟ್ಟುವುದು ಮರೆಯಬೇಡ. ಅಮ್ಮನ ಜೊತೆ ಜಗಳ ಆಡಬೇಡ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ನಿನಗೆ ಒಳ್ಳೆಯದಾಗಲಿ. ನಿನ್ನ ಕಾಲು ಗಟ್ಟಿಯಾಗಿರಲಿ, ನನ್ನಂಥವರು ನಿನ್ನ ದಾರಿಗೆ ಅಡ್ಡ ಬರದಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಬರೆದೇ ಇಲ್ಲ. ಆಯ್ಕೆಯ ದಿನ ನೀನು ಓಡಿದ್ದು ಮೂರನೇ ಗುಂಪಿನಲ್ಲಿ, ನಾಲ್ಕನೇ ಲೇನಿನಲ್ಲಿ. ಆ ಲೇನಿನ ಮೂರನೆಯ ವಾಚು ನನ್ನ ಕೈಯಲ್ಲಿತ್ತು. ನೀನು ನನ್ನ ತಂಗಿ ಅಂತ ನಾನು ಆಫೀಸಿನಲ್ಲಿ ಹೇಳಿರಲಿಲ್ಲ, ನಿನಗೂ ಹೇಳಬೇಡ ಅಂದಿದ್ದೆ. ಇದ್ದದ್ದು ಒಂದೇ ಸೀಟು, ಎಲ್ಲ ಗುಂಪುಗಳಲ್ಲೂ ಅತಿ ಕಡಿಮೆ ಸಮಯ ತೆಗೆದುಕೊಂಡವಳಿಗೆ. ಮೊದಲ ಗುಂಪಿನಲ್ಲಿ ಓಡಿದ, ಅಕಾಡೆಮಿಯ ದಾನಿಯ ತಮ್ಮನ ಮಗಳಿಗೆ 58.0 ಸೆಕೆಂಡು ಅಂತ ಆಗಲೇ ಬರೆದಾಗಿತ್ತು. ನೀನು ನಿನ್ನ ಗುಂಪಿಗೆಲ್ಲ ಮೊದಲು ಬಂದೆ. ಮ್ಯಾನೇಜರ್ 58.4 ಬರೆದ. ತಾತ 57.7 ಬರೆದರು. ನನ್ನ ವಾಚು ತೋರಿಸುತ್ತಿದ್ದದ್ದು 57.8. ಅದನ್ನು ಬರೆದಿದ್ದರೆ ಅದೇ ನಡುವಿನ ಸಮಯ, ಸೀಟು ನಿನ್ನದು. ತಾತ ನನ್ನ ಮುಖವನ್ನೇ ನೋಡುತ್ತಿದ್ದರು. ನೀನು ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ನನ್ನ ಕಡೆ ನೋಡಿ ನಕ್ಕೆ. ನಾನು 58.3 ಅಂತ ಬರೆದೆ.

ಇದೇ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ಇಷ್ಟನ್ನೇ ಬರೆದು, ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೇನೆ. ಅದನ್ನು ಯಾರಿಗೆ ತೋರಿಸುತ್ತೀಯೋ ತೋರಿಸು. ನನ್ನ ಕೆಲಸ ಹೋಗುತ್ತೆ ಅಂತ ಮನಸ್ಸು ಕರಗಿಸಿಕೊಳ್ಳಬೇಡ. ನೀನು ನಿಧಾನ ಓಡಲಿಲ್ಲ. ನೀನು ಓಡಿದ್ದು 57.8.